ನೀರು ಹೊಯ್ಯದ ಒಂದು ಬೆಂಕಿ

ಹೋದ ಚಳಿಗಾಲದಲ್ಲಿ ಒಂದು ಪ್ರೌಢಶಾಲೆಯವರು ಶಿಬಿರಾಗ್ನಿಗೆ ಬನ್ನಿ ಎಂದು ನನ್ನನ್ನು ಕರೆದಿದ್ದರು. ನಿವೃತ್ತಳಾಗಿ ಮನೆಯಲ್ಲಿ ಕೂತವಳಿಗೆ ಇಂಥ ಕರೆ ಬಂದರೆ ಅದೇ ಹಬ್ಬ. ಇಸ್ತ್ರಿ ಮಾಡಿದ ಸೀರೆ ಉಟ್ಟು ಸಂಜೆ ಐದಕ್ಕೇ ಹೋಗಿ ಕೂತೆ. ಮೈದಾನದ ನಡುವೆ ನಾಲ್ಕು ಸೌದೆ ನಿಲ್ಲಿಸಿ, ಒಳಗೊಂದು ಬಲ್ಬು ಇಟ್ಟು, ಅದಕ್ಕೆ ಕೆಂಪು ಜಿಲೆಟಿನ್ ಕಾಗದ ಸುತ್ತಿ, ಕೆಳಗಿನಿಂದ ಟೇಬಲ್ ಫ್ಯಾನು ಬಿಟ್ಟಿದ್ದರು. ಕಾಗದ ಪಟಪಟ ಹಾರುತ್ತಿತ್ತು. ಮಕ್ಕಳು ಸುತ್ತ ಕೂತು ಚಪ್ಪಾಳೆ ತಟ್ಟಿ ಹಾಡಿದರು. ಮೂರನೇ ಹಾಡಿಗೆ ಕರೆಂಟು ಹೋಯಿತು, ಜೊತೆಗೆ ಬೆಂಕಿಯೂ ಹೋಯಿತು.

ಕತ್ತಲಲ್ಲಿ ನನ್ನ ಪಕ್ಕ ಕೂತಿದ್ದ ಹೊಸ ದೈಹಿಕ ಶಿಕ್ಷಕಿ ಮೆಲ್ಲಗೆ ಕೇಳಿದಳು: "ಮೇಡಂ, ನಿಮ್ಮ ಕಾಲದಲ್ಲಿ ನಿಜವಾದ ಬೆಂಕಿ ಹಾಕ್ತಿದ್ರಂತೆ? ಹೆಣ್ಣುಮಕ್ಕಳನ್ನ ಕೂರಿಸ್ಕೊಂಡು? ಭಯ ಆಗ್ತಿರಲಿಲ್ವಾ?"

ಆಗುತ್ತಿತ್ತು ಎಂದೆ. ಅಷ್ಟರಲ್ಲಿ ಕರೆಂಟು ಬಂತು, ಮಾತು ನಿಂತಿತು. ಉಳಿದದ್ದನ್ನು ಅವಳಿಗೂ ಅವಳಂತೆ ಈಗ ಈ ಕೆಲಸಕ್ಕೆ ಬರುತ್ತಿರುವವರಿಗೂ ಬರೆದಿಡೋಣ ಎಂದು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಅದನ್ನು ತಪ್ಪಿಸಿದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದು ನನಗೇ ಬೇಜಾರು, ನಿಮಗೆ ಇನ್ನೆಷ್ಟು ಬೇಜಾರಾದೀತು.

ನಾನು ಹುಟ್ಟಿದ್ದು ಶ್ರೀರಂಗಪಟ್ಟಣದ ಕೋಟೆಯೊಳಗೆ. ಅಪ್ಪ ದೇವಸ್ಥಾನದ ಅಡುಗೆಮನೆಯಲ್ಲಿ ನೈವೇದ್ಯ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ಬೆಂಕಿಗೂ ಮಡಿ. ಹುಡುಗಿಯರು ಒಲೆಯ ಹತ್ತಿರ ಆಟವಾಡಿದರೆ ಬೆನ್ನ ಮೇಲೆ ಬೀಳುತ್ತಿತ್ತು. ನಾನು ಓಟದಲ್ಲಿ ಗೆದ್ದು ಗೆದ್ದು ಕೊನೆಗೆ ದೈಹಿಕ ಶಿಕ್ಷಣದ ತರಬೇತಿಗೆ ಹೊರಟಾಗ ಅಮ್ಮ, "ಟೀಚರ್ ಆಗೋದು ಸರಿ ಕಣೇ, ಪೀಪಿ ಊದೋ ಟೀಚರೇ ಆಗ್ಬೇಕಾ?" ಎಂದು ಕಣ್ಣೊರೆಸಿಕೊಂಡಿದ್ದಳು. ಪೀಪಿ ಊದಿದ್ದು ನಿಜ. ಅದೊಂದನ್ನೇ ಅಲ್ಲ. ಯಾವ ಮೇಷ್ಟರು ರಜೆ ಹಾಕಿದರೂ ಅವರ ತರಗತಿ ನನ್ನದು, ಪ್ರಭಾತಫೇರಿ ನನ್ನದು, ಬ್ಯಾಂಡಿನ ಹರಿದ ಡೋಲು ನನ್ನದು, ಜಗಳವಾಡಿದ ಹುಡುಗರ ಹರಿದ ಅಂಗಿಯೂ ನನ್ನದು. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಸಂತೆಬಾಚಹಳ್ಳಿ ಕಡೆಯ ಶಾಲೆಗೆ ನಾನು ಸೇರಿದ ದಿನವೇ ಅಲ್ಲಿನ ಹೆಡ್‌ಮಾಸ್ತರು, "ಪಿ.ಟಿ. ಟೀಚರ್ ತಾನೇ, ಗೈಡ್ಸೂ ನೀವೇ ನೋಡ್ಕಳಿ" ಎಂದು ಒಂದು ಹಳೆಯ ಧ್ವಜ ಕೊಟ್ಟರು. ಹೀಗೆ ನಾನು ಬೆಂಕಿಯ ಕೆಲಸಕ್ಕೆ ಬಂದೆ.

ಗೈಡ್ಸ್ ತರಬೇತಿಯಲ್ಲಿ ಹತ್ತು ದಿನ ಕಲಿಸಿದ್ದರು. ಸೌದೆಯನ್ನು ಗೋಪುರದಂತೆ ನಿಲ್ಲಿಸುವುದು, ಸುತ್ತ ಕಲ್ಲಿಡುವುದು, ಬೆಂಕಿ ಹತ್ತಿದಾಗ ಹಾಡುವ ಹಾಡು, ಬೆಂಕಿ ಇಳಿದಾಗ ಹಾಡುವ ಹಾಡು. ಎಂಥ ಕಲ್ಲು ಎಂದು ಯಾರೂ ಹೇಳಿರಲಿಲ್ಲ.

ಮೊದಲ ಶಿಬಿರಕ್ಕೆ ಇಪ್ಪತ್ತೆರಡು ಹುಡುಗಿಯರನ್ನು ಬಸ್ಸು ಹತ್ತಿಸಿ ನನ್ನೂರಿಗೇ ಕರೆದುಕೊಂಡು ಬಂದೆ. ಗೊತ್ತಿದ್ದ ಜಾಗ, ಗೊತ್ತಿದ್ದ ಜನ, ಧೈರ್ಯ. ಹೊಳೆಯ ದಂಡೆಯಲ್ಲಿ ಬೆಂಕಿಗೆ ಜಾಗ ಮಾಡಿದೆವು. ಕಲ್ಲು ಹುಡುಕಿ ಎಂದರೆ ಹುಡುಗಿಯರು ನೀರಿಗಿಳಿದು ಗುಂಡಗೆ ನುಣ್ಣಗಿದ್ದ ಕಲ್ಲುಗಳನ್ನು ಲಂಗದ ಮಡಿಲಿನಲ್ಲಿ ತುಂಬಿಕೊಂಡು ಬಂದರು. ಎಷ್ಟು ಚೆಂದದ ಕಲ್ಲುಗಳು! ನಾನೇ ಕೂತು ಒಂದಕ್ಕೊಂದು ಹೊಂದಿಸಿಟ್ಟೆ. ಕತ್ತಲಾಯಿತು, ಬೆಂಕಿ ಹತ್ತಿತು, ಎರಡು ಹಾಡಾಯಿತು. ಆಮೇಲೆ ಪಟಾಕಿ ಹೊಡೆದ ಹಾಗೆ ಒಂದು ಕಲ್ಲು ಸಿಡಿಯಿತು. ಮತ್ತೊಂದು. ಒಂದು ಚೂರು ಬಂದು ನನ್ನ ಹುಬ್ಬಿನ ಮೇಲೆ ಕೂತಿತು. ಹುಡುಗಿಯರು ಕಿರುಚಿಕೊಂಡು ಓಡಿದರು. ಪುಣ್ಯಕ್ಕೆ ಅವರಿಗೆ ಯಾರಿಗೂ ತಾಗಲಿಲ್ಲ.

ಪಕ್ಕದಲ್ಲಿ ಬಟ್ಟೆ ಗಂಟು ಕಟ್ಟುತ್ತಿದ್ದ ಮುದುಕರೊಬ್ಬರು ಬಂದು ನೋಡಿ ನಕ್ಕರು. "ಒಳೆ ಕಲ್ಲು ವರ್ಸಾನುಗಟ್ಲೆ ನೀರು ಕುಡ್ದಿರ್ತದೆ ಕಣವ್ವ. ಕಾದ್ರೆ ಆ ನೀರು ಎಲ್ಲಿಗೋಗ್ಬೇಕು? ಒಡ್ಕಂಡೇ ಬರ್ಬೇಕು. ಹೊಲದ ಕಲ್ಲು ಮಡಗ್ಬೇಕು ಬೆಂಕಿಗೆ" ಎಂದರು. ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿರಲಿಲ್ಲ. ಆ ಗಾಯದ ಗುರುತು ಈಗಲೂ ಎಡ ಹುಬ್ಬಿನಲ್ಲಿದೆ. ಯಾರಾದರೂ ಕೇಳಿದರೆ ಕಬಡ್ಡಿಯಲ್ಲಿ ಆದದ್ದು ಎನ್ನುತ್ತೇನೆ.

ಅಲ್ಲಿಂದ ನಾಗಮಂಗಲ ತಾಲ್ಲೂಕಿಗೆ, ಹೊಣಕೆರೆ ಹೋಬಳಿಯ ಒಂದು ಊರಿಗೆ ವರ್ಗವಾಯಿತು. ಅಲ್ಲಿ ಮೇಲಧಿಕಾರಿಯೊಬ್ಬರು ನಮ್ಮ ಶಿಬಿರಾಗ್ನಿಯನ್ನು ಉದ್ಘಾಟಿಸಲು ಬಂದರು. ಉದ್ಘಾಟನೆಗೆ ಆಗ ನಮ್ಮಲ್ಲಿ ಒಂದು ಚಮತ್ಕಾರ ಮಾಡುತ್ತಿದ್ದೆವು. ಸೌದೆಯ ಬುಡದಲ್ಲಿ ಪ್ರಯೋಗಶಾಲೆಯಿಂದ ತಂದ ಪರ್ಮಾಂಗನೇಟಿನ ಪುಡಿ ಇಟ್ಟಿರುತ್ತಿದ್ದೆವು. ಅತಿಥಿಗಳು ತುಪ್ಪ ಸುರಿಯುವಂತೆ ಅದರ ಮೇಲೆ ಗ್ಲಿಸರಿನ್ ಸುರಿಯಬೇಕು. ಕಡ್ಡಿ ಗೀರದೆ ಬೆಂಕಿ ತಾನೇ ಹತ್ತುತ್ತದೆ. ಜನ ಬೆರಗಾಗುತ್ತಾರೆ. ಆದರೆ ಚಳಿ ಇದ್ದರೆ ಅದು ಹತ್ತುವುದಕ್ಕೆ ಹೊತ್ತು ತೆಗೆದುಕೊಳ್ಳುತ್ತದೆ. ಅವತ್ತು ಚಳಿಯಿತ್ತು.

ಸಾಹೇಬರು ಗ್ಲಿಸರಿನ್ ಸುರಿದರು. ಬೆಂಕಿ ಹತ್ತಲಿಲ್ಲ. ಊರ ಜನ ಮುಸಿಮುಸಿ ನಕ್ಕರು. ಸಾಹೇಬರಿಗೆ ಅವಮಾನವಾಯಿತು. "ಸ್ವಲ್ಪ ತಡೀರಿ ಸಾರ್" ಎಂದೆ. "ಏನಮ್ಮಾ ತಡೆಯೋದು? ಲೇ, ಸೀಮೆಎಣ್ಣೆ ತಗೊಂಡು ಬಾರೋ!" ಎಂದು ಜವಾನನಿಗೆ ಕೂಗಿದರು. ಅವನು ಡಬ್ಬ ತಂದ. ಸಾಹೇಬರು ತಾವೇ ಬಗ್ಗಿ ಸುರಿದರು. ಅದೇ ಗಳಿಗೆಗೆ ಸರಿಯಾಗಿ ನಮ್ಮ ಪುಡಿಗೂ ಜೀವ ಬಂತು. ಭಗ್ಗನೆ ಎದ್ದ ಉರಿ ಅವರ ಅರ್ಧ ಮೀಸೆಯನ್ನು ತೆಗೆದುಕೊಂಡು ಹೋಯಿತು. ದೇವರ ದಯೆ, ಅಷ್ಟಕ್ಕೇ ಮುಗಿಯಿತು. ಅವರು ಟೆರಿಲಿನ್ ಅಂಗಿ ಹಾಕಿದ್ದರು. ಅದಕ್ಕೆ ಹತ್ತಿದ್ದರೆ ಮೈಗೆ ಅಂಟಿಕೊಂಡು ಉರಿಯುತ್ತಿತ್ತು. ಮರುದಿನ ಇಡೀ ಮೀಸೆ ಬೋಳಿಸಿಕೊಂಡು ಬಂದರು. ನನಗೆ ನೋಟಿಸು ಬಂತು. ಬೆಂಕಿಗಿಂತ ಅಧಿಕಾರಿಯ ಅವಸರ ಅಪಾಯ ಎಂದು ನಾನು ಕಲಿತದ್ದು ಅಲ್ಲಿ. ಅಂದಿನಿಂದ ಸೀಮೆಎಣ್ಣೆಯ ಡಬ್ಬ ಶಿಬಿರದ ಹತ್ತಿರವೇ ಸುಳಿಯಕೂಡದು ಎಂದು ಕಟ್ಟಪ್ಪಣೆ ಮಾಡಿದೆ. ಪುರಲೆ, ಅಂದರೆ ಬುಡಕ್ಕಿಡುವ ಸಣ್ಣ ಪುಳ್ಳೆ ಸೌದೆ, ಒಣಗಿದ್ದರೆ ಒಂದೇ ಬೆಂಕಿಕಡ್ಡಿ ಸಾಕು.

ಆದರೆ ನನಗೆ ನಿಜವಾಗಿ ಬೆಂಕಿ ಕಲಿಸಿದವರು ಪಾಂಡವಪುರ ತಾಲ್ಲೂಕಿನ ಜವರೇಗೌಡರು. ನಾನು ಅಲ್ಲಿನ ಒಂದು ನಾಲೆ ಬಯಲಿನ ಊರಿಗೆ ಬಂದಾಗ ತೊಂಬತ್ತರ ದಶಕ ಅರ್ಧ ಕಳೆದಿತ್ತು. ಶಾಲೆಯ ಹಿಂದೆಯೇ ಅವರ ಆಲೆಮನೆ. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಆ ದೊಡ್ಡ ಒಲೆಗೆ ಉರಿ ಹಾಕುವ ಕೆಲಸವನ್ನು ಅವರು ಆಳಿಗೆ ಬಿಡುತ್ತಿರಲಿಲ್ಲ. ಒಣಗಿದ ಸಿಪ್ಪೆಯನ್ನು ಕೈಯಲ್ಲಿ ತೂಗಿ, ಹಿಡಿ ಹಿಡಿಯಾಗಿ ಒಲೆಯ ಬಾಯಿಗೆ ಕೊಡುತ್ತಿದ್ದರು. ನಾನು ಸಂಜೆ ಶಾಲೆ ಬಿಟ್ಟ ಮೇಲೆ ಹೋಗಿ ನಿಂತು ನೋಡುತ್ತಿದ್ದೆ.

"ಟೀಚರಮ್ಮ, ಬೆಂಕಿಗೆ ಒಟ್ಟೆ ತುಂಬ ಒಂದೇ ಸಲ ಉಣ್ಣಿಸ್ಬ್ಯಾಡಿ" ಎನ್ನುತ್ತಿದ್ದರು. "ಎಳೆ ಮಗೀಗೆ ಕೊಟ್ಟಂಗೆ ತುತ್ತು ತುತ್ತು ಕೊಡಿ. ಜಾಸ್ತಿ ಕೊಟ್ರೆ ಒಗೆ ಕಕ್ತದೆ, ಇಲ್ದಿದ್ರೆ ಮ್ಯಾಲಿನ ಮಾಡಿಗೆ ಹತ್ಕತದೆ."

ಅವರು ಹೇಳಿದ್ದನ್ನೆಲ್ಲ ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಬುಡಕ್ಕೆ ಪುರಲೆ, ಮೇಲೆ ಬೆರಳು ಗಾತ್ರದ್ದು, ಆಮೇಲೆ ತೋಳು ಗಾತ್ರದ್ದು. ಜಾಲಿ, ಹುಣಸೆ ಒಳ್ಳೆಯದು, ನಿಧಾನಕ್ಕೆ ಉರಿದು ಕೆಂಡ ನಿಲ್ಲುತ್ತದೆ. ಕಣಗಿಲೆಯ ಕಡ್ಡಿಯನ್ನು ಹತ್ತಿರ ತರಬೇಡಿ, ಅದರ ಹೊಗೆಯೂ ವಿಷ. ಹಸಿ ಬಿದಿರು ಸಿಡಿಯುತ್ತದೆ. ಕಬ್ಬಿನ ತರಗು ಮತ್ತು ತೆಂಗಿನ ಗರಿ ಬೇಗ ಹತ್ತುತ್ತವೆ ನಿಜ, ಆದರೆ ಉರಿಯುತ್ತಲೇ ಹಾರಿ ಹೋಗಿ ಊರು ಸುಡುತ್ತವೆ. ಸುತ್ತ ಹತ್ತು ಹೆಜ್ಜೆಯವರೆಗೆ ಕಸ ಕಡ್ಡಿ ಗುಡಿಸಿ ಬರೀ ಮಣ್ಣು ಕಾಣಬೇಕು. ಒಂದು ಹಿಡಿ ಹೊಟ್ಟು ತೂರಿ ಗಾಳಿ ಯಾವ ಕಡೆ ಎಂದು ನೋಡಿ, ಗಾಳಿ ಹೋಗುವ ಕಡೆ ಮಕ್ಕಳನ್ನು ಕೂರಿಸಬಾರದು. ನಾನು ಅದಕ್ಕೆ ನನ್ನದೊಂದೆರಡು ಸೇರಿಸಿದೆ: ನೈಲಾನ್ ದಾವಣಿ ಉಟ್ಟವರಿಗೆ ಪ್ರವೇಶವಿಲ್ಲ, ದಾವಣಿಯ ತುದಿ ಸೊಂಟಕ್ಕೆ, ಜಡೆ ಮೇಲಕ್ಕೆ. ಮತ್ತೆ, ನಾಲ್ಕು ಕೊಡ ನೀರು ಮತ್ತು ಒಂದು ಮಂಕರಿ ಮಣ್ಣು ಇಟ್ಟುಕೊಂಡು ಒಬ್ಬಳು ಬೆಂಕಿಯ ಕಾವಲಿಗೆ ಕೂರಬೇಕು. ಅವಳು ಹಾಡುವಂತಿಲ್ಲ, ಕುಣಿಯುವಂತಿಲ್ಲ, ಬೆಂಕಿಯಿಂದ ಕಣ್ಣು ತೆಗೆಯುವಂತಿಲ್ಲ.

ಆ ಕಾವಲಿನ ಕೆಲಸ ಯಾರಿಗೂ ಬೇಡವಾಗಿತ್ತು. ಭಾಗ್ಯ ಎಂಬ ಹುಡುಗಿ ತಾನಾಗಿ ಕೇಳಿ ತೆಗೆದುಕೊಂಡಳು. ಒಂಬತ್ತನೇ ತರಗತಿಯಲ್ಲಿದ್ದಳು, ಉದ್ದಕ್ಕೆ ಕಡ್ಡಿಯ ಹಾಗಿದ್ದಳು, ಮಾತು ಕಡಿಮೆ. ಅವರಪ್ಪ ನಂಜೇಗೌಡರು ಬೇಸಾಯಗಾರರು, ಒಳ್ಳೆಯವರು, ಆದರೆ ಹೆಣ್ಣುಮಗಳು ಹತ್ತನೇ ತರಗತಿ ಮುಟ್ಟುವುದೇ ಅತಿಯಾಯಿತು ಎನ್ನುವ ಪೈಕಿ. ಅವಳನ್ನು ಶಿಬಿರಕ್ಕೆ ಕಳಿಸುವಂತೆ ಕೇಳಲು ನಾನೇ ಅವರ ಜಗಲಿಯ ಮೇಲೆ ಎರಡು ಸಲ ಹೋಗಿ ಕೂತಿದ್ದೆ. "ನಿಮ್ ಮುಖ ನೋಡಿ ಕಳಿಸ್ತಾ ಇವ್ನಿ" ಎಂದು ಒಪ್ಪಿದ್ದರು.

ಶಾಲೆಯ ಮೈದಾನ ಚಿಕ್ಕದೆಂದು ಜವರೇಗೌಡರು ತಮ್ಮ ಒಕ್ಕಣೆ ಕಣ ಬಿಟ್ಟುಕೊಟ್ಟಿದ್ದರು. ಆ ಕಣದಲ್ಲಿ ಎರಡು ವರ್ಷಕ್ಕೆ ಐದು ಬೆಂಕಿ ಹಾಕಿದೆವು. ಐದನ್ನೂ ನಾನು ಒಂದೊಂದಾಗಿ ನೆನಪಿನಿಂದ ತೆಗೆದು ನೋಡಬಲ್ಲೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯರು ಬೆಂಕಿಯ ಮುಂದೆ ಕೂತರೆ ಬೇರೆಯೇ ಆಗುತ್ತಿದ್ದರು. ಒಬ್ಬಳು ಅಜ್ಜಿಯ ಸೋಬಾನೆ ಪದ ತೆಗೆಯುತ್ತಿದ್ದಳು. ಒಬ್ಬಳು ನಮ್ಮ ಹೆಡ್‌ಮಾಸ್ತರು ಕನ್ನಡಕ ಹುಡುಕುವುದನ್ನು ಮಾಡಿ ತೋರಿಸುತ್ತಿದ್ದಳು, ನಾನು ಕಾಣದವಳಂತೆ ಆ ಕಡೆ ತಿರುಗಿ ನಗುತ್ತಿದ್ದೆ. ಕೆಂಡದಲ್ಲಿ ಗೆಣಸು ಹೂತಿಟ್ಟು, ಅದು ಬೇಯುವವರೆಗೆ ಒಬ್ಬೊಬ್ಬರು ತಮಗೆ ಏನಾಗಬೇಕೆಂದಿದೆ ಎಂದು ಹೇಳುತ್ತಿದ್ದರು. ನರ್ಸು, ಕಂಡಕ್ಟರು, ಪೊಲೀಸು. ಮನೆಯಲ್ಲಿ ಹೇಳಿದರೆ ಬೈಗುಳ ಬೀಳುವ ಮಾತುಗಳು. ಭಾಗ್ಯ ಮಾತ್ರ ಕೊಡದ ಪಕ್ಕ ಕೂತು ಬೆಂಕಿಯನ್ನೇ ನೋಡುತ್ತಿದ್ದಳು. "ನಿನಗೇನಾಗ್ಬೇಕೇ?" ಎಂದು ಒಮ್ಮೆ ಕೇಳಿದೆ. "ನಿಮ್ಮಂಗೆ ಬೆಂಕಿ ಆಕ್ಸೋ ಟೀಚರು" ಎಂದಳು. ಆ ಮಾತಿನ ಸಂತೋಷವನ್ನು ಮುಚ್ಚಿಕೊಳ್ಳಲು ಗೆಣಸು ಸೀದೀತು ನೋಡು ಎಂದು ಗದರಿಸಿದೆ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ.

ನಮ್ಮ ಕಡೆಯ ಮನೆಗಳಲ್ಲಿ ಉರಿಯುವ ಒಲೆಗೆ ಯಾರೂ ನೀರು ಹೊಯ್ಯುವುದಿಲ್ಲ. ಅಪಶಕುನ. ಹೆಂಗಸರು ಮಲಗುವ ಮುಂಚೆ ಕೆಂಡವನ್ನು ಒಂದು ಕಡೆ ಒತ್ತರಿಸಿ ಬೂದಿ ಮುಚ್ಚುತ್ತಾರೆ. ಬೆಳಿಗ್ಗೆ ಬೂದಿ ಕೆದಕಿ, ಊದಿ, ಅದೇ ಬೆಂಕಿಯಿಂದ ಒಲೆ ಹಚ್ಚುತ್ತಾರೆ. ನಮ್ಮಮ್ಮನೂ ಹಾಗೆಯೇ ಮಾಡುತ್ತಿದ್ದಳು. ಆದ್ದರಿಂದ ಶಿಬಿರದ ಬೆಂಕಿಗೆ ನೀರು ಹೊಯ್ಯಬೇಕೆಂಬ ನನ್ನ ಕಟ್ಟಳೆಯನ್ನು ಹುಡುಗಿಯರು ಮೊದಮೊದಲು ಒಪ್ಪಿರಲಿಲ್ಲ. ಒಬ್ಬಳು ಅತ್ತೂಬಿಟ್ಟಿದ್ದಳು. ಮನೆಯ ಒಲೆಗೆ ನಾಲ್ಕು ಗೋಡೆ ಇರುತ್ತದೆ, ಬಯಲಿನ ಬೆಂಕಿಗೆ ಇರುವುದಿಲ್ಲ ಎಂದು ಹೇಳಿ ಹೇಳಿ ಅಭ್ಯಾಸ ಮಾಡಿಸಿದ್ದೆ. ಭಾಗ್ಯ ನಾಲ್ಕು ಕೊಡವನ್ನೂ ಸುರಿದು, ಕೋಲಿನಿಂದ ಕಲಕಿ, ಕೈಯ ಹಿಂಭಾಗವನ್ನು ಬೂದಿಗೆ ಮುಟ್ಟಿಸಿ, "ತಣ್ಗಾಯ್ತು ಮೇಡಂ" ಎನ್ನುವವರೆಗೆ ನಾವು ಏಳುತ್ತಿರಲಿಲ್ಲ.

ಐದನೆಯ ಬೆಂಕಿ ಸಂಕ್ರಾಂತಿ ಕಳೆದ ಮೇಲೆ ಹಾಕಿದ್ದು. ಭಾಗ್ಯ ಮತ್ತು ಅವಳ ಜೊತೆಯವರು ಆಗ ಹತ್ತನೇ ತರಗತಿ, ಪರೀಕ್ಷೆಗೆ ಎರಡು ತಿಂಗಳಿತ್ತು. ಅದು ಅವರ ಕೊನೆಯ ಬೆಂಕಿ ಎಂದು ಎಲ್ಲರಿಗೂ ಗೊತ್ತಿತ್ತು. ಹಾಡು ಮುಗಿದರೂ ಯಾರೂ ಏಳಲಿಲ್ಲ. ಕೊನೆಗೆ ನಾನೇ ಎಬ್ಬಿಸಿ ಶಾಲೆಯ ಕೊಠಡಿಗೆ ಮಲಗಲು ಕಳಿಸಿದೆ. ನಾನು ಮತ್ತು ಭಾಗ್ಯ ಉಳಿದೆವು. ಕೆಂಡ ಚೆನ್ನಾಗಿ ನಿಂತಿತ್ತು. ಹುಣಸೆಯ ಕೆಂಡ.

"ನೀರು ಉಯ್ಲಾ ಮೇಡಂ?" ಎಂದಳು.

ನಾನು ಕೆಂಡದ ಕಡೆ ಅಂಗೈ ಚಾಚಿದೆ. ಮತ್ತೆ ಕೇಳಿದಳು.

"ಬೇಡ ಕಣೇ. ಬೂದಿ ಮುಚ್ಚಿಡು. ಬೆಳಿಗ್ಗೆ ಎಲ್ಲರೂ ಬಂದು ಒಂದು ಗಳಿಗೆ ಮೈ ಕಾಯಿಸಿಕೊಂಡು ಹೋಗಲಿ" ಎಂದೆ.

ಅವಳು ನನ್ನ ಮುಖ ನೋಡಿದಳು. ಎರಡು ವರ್ಷ ಬೈದು ಬೈದು ಕಲಿಸಿದವರೇ ಹೀಗೆ ಹೇಳುತ್ತಿದ್ದಾರಲ್ಲ ಎಂದುಕೊಂಡಿರಬೇಕು. ಆದರೂ ಅಮ್ಮಂದಿರು ಮುಚ್ಚುವ ಹಾಗೆ ಅಚ್ಚುಕಟ್ಟಾಗಿ ಮುಚ್ಚಿದಳು. ಕೆಂಡಕ್ಕೆ ನೀರು ಬಿದ್ದಾಗಿನ ಆ ಚುಂಯ್ ಎನ್ನುವ ಸದ್ದು ನನಗೆ ಅವತ್ತು ಬೇಡವಾಗಿತ್ತು. ಅಷ್ಟೇ ಕಾರಣ. ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಬೆಳಿಗ್ಗೆ ನಾವು ನಾಲೆಯ ಕಡೆ ಹೋಗಿದ್ದಾಗ ಗಾಳಿ ಎದ್ದಿತು. ಬೂದಿ ಹಾರಿತು, ಕೆಂಡ ಬಾಯಿ ಬಿಟ್ಟಿತು. ಕಣದ ಆಚೆ ಅಂಚಿನಲ್ಲಿ ಜವರೇಗೌಡರ ಹುಲ್ಲಿನ ಮೆದೆ. ನಾವು ಹೊಗೆ ನೋಡಿ ಓಡಿ ಬರುವಷ್ಟರಲ್ಲಿ ಅದು ಬುಡದಿಂದ ತುದಿಯವರೆಗೆ ಹತ್ತಿಕೊಂಡಿತ್ತು. ಆಲೆಮನೆಯ ಆಳುಗಳು, ಹುಡುಗಿಯರು, ಊರವರು ಎಲ್ಲ ಸೇರಿ ನಾಲೆಯಿಂದ ನೀರು ಹೊತ್ತರು. ದನ ಬಿಚ್ಚಿದರು, ಆಲೆಮನೆಯ ಮಾಡು ಉಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಎರಡು ಎತ್ತು, ಮೂರು ಹಸುವಿನ ಇಡೀ ವರ್ಷದ ಮೇವು ಬೂದಿಯಾಯಿತು.

ಹೆಡ್‌ಮಾಸ್ತರು ಓಡಿ ಬಂದರು. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಊರವರ ಎದುರಿಗೇ, "ಬೆಂಕಿ ಆರಿಸ್ಬೇಕಾದೋರು ಯಾರು?" ಎಂದು ಗುಡುಗಿದರು. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಭಾಗ್ಯ ಒಂದು ಹೆಜ್ಜೆ ಮುಂದೆ ಬಂದಳು.

"ನಾನು ಸಾರ್. ಮೇಡಂ ನೀರು ಉಯ್ಯಿ ಅಂದಿದ್ರು. ನಾನೇ ಮನೇಲಿ ಮುಚ್ಚಂಗೆ ಮುಚ್ಬುಟ್ಟೆ."

ನಂಜೇಗೌಡರು ಗುಂಪಿನಲ್ಲೇ ಇದ್ದರು. ಬಂದು ಅವಳ ಕೆನ್ನೆಗೆ ಹೊಡೆದು, ಕೈ ಹಿಡಿದು ಎಳೆದುಕೊಂಡು ಹೋದರು. ನಾನು ನಿಂತಿದ್ದೆ. ಹಾಗಲ್ಲ, ನಾನೇ ಹೇಳಿದ್ದು ಎಂಬ ನಾಲ್ಕು ಮಾತು ನನ್ನ ಬಾಯಿಯಿಂದ ಹೊರಡಲಿಲ್ಲ. ನಾನು ಓಟಗಾರ್ತಿ, ಗಂಡಸರ ಎದುರು ಪೀಪಿ ಊದಿದವಳು, ಅಧಿಕಾರಿಗೆ ಎದುರು ಮಾತಾಡಿದವಳು. ಆ ಗಳಿಗೆಯಲ್ಲಿ ಹೇಡಿಯಾದೆ. ಹಾಗೆ ಹೇಡಿಯಾದದ್ದನ್ನು ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ಮರುದಿನ ನಡೆದದ್ದನ್ನು ನಡೆದ ಹಾಗೆ ಬರೆದು ಹೆಡ್‌ಮಾಸ್ತರ ಮೇಜಿನ ಮೇಲಿಟ್ಟೆ. ಅವರು ಓದಿ ಕನ್ನಡಕ ತೆಗೆದರು. "ಮಗುವೇ ಒಪ್ಕೊಂಡಿದೆ. ನೀವ್ಯಾಕಮ್ಮಾ ಹರಿಶ್ಚಂದ್ರ ಆಗ್ತೀರಿ? ಒಳ್ಳೆ ಮನಸ್ಸಿನಿಂದ ಬರೆದಿದೀರಿ, ಗೊತ್ತಾಗುತ್ತೆ" ಎಂದು ಕಾಗದವನ್ನು ಹರಿದು ಬುಟ್ಟಿಗೆ ಹಾಕಿದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನನ್ನು ಹೊಗಳಿದರು. ತಪ್ಪು ಒಪ್ಪಿಕೊಂಡರೆ ಯಾರೂ ನಂಬದ ಸ್ಥಿತಿ ಎಷ್ಟು ಕೆಟ್ಟದ್ದು ಎಂದು ನನಗೆ ಅಲ್ಲಿ ತಿಳಿಯಿತು. ಭಾಗ್ಯ ಶಾಲೆಗೆ ಬರಲಿಲ್ಲ. ಮೂರನೇ ದಿನ ಅವಳ ಗೆಳತಿ, "ಅವ್ಳು ಇನ್ ಬರಕಿಲ್ವಂತೆ ಮೇಡಂ, ಗಂಡು ನೋಡ್ತಾವ್ರೆ" ಎಂದಳು.

ಅವತ್ತೇ ಸಂಜೆ ಜವರೇಗೌಡರ ಹತ್ತಿರ ಹೋದೆ. ಊರಿನವರು ಮನೆಗೊಂದು ಹೊರೆಯಂತೆ ಹುಲ್ಲು ತಂದು ಅವರ ಕಣಕ್ಕೆ ಹಾಕುತ್ತಿದ್ದರು. ನಮ್ಮ ಕಡೆ ಹೀಗೆಯೇ, ಮೆದೆ ಸುಟ್ಟವನ ದನ ಉಪವಾಸ ಬೀಳಲು ಬಿಡುವುದಿಲ್ಲ. ಗೌಡರು ನಾವು ಬೆಂಕಿ ಹಾಕಿದ್ದ ಜಾಗದ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. ನಾನು ಬಾಯಿ ತೆಗೆಯುವ ಮೊದಲೇ ಹೇಳಿದರು:

"ಟೀಚರಮ್ಮ, ನೀವು ನೀರು ಉಯ್ಯಿ ಅಂದಿದ್ರೆ ಆ ಮಗು ಉಯ್ಯದೆ ಇರ್ತಿರ್ನಿಲ್ಲ. ಎಲ್ಡು ವರ್ಸದಿಂದ ನೋಡಿವ್ನಿ ಅದ್ನ."

ನಾನು ಅತ್ತೆ. ಅವರು ನೋಡದವರಂತೆ ಬೂದಿ ಕೆದಕುತ್ತ ಕೂತರು.

"ನಾನು ನಿಮ್ಗೆ ಏನೂ ಕೇಳಕಿಲ್ಲ. ಹುಲ್ಲು ಬತ್ತದೆ, ಓಯ್ತದೆ. ಆ ಮಗೀನ ಇಸ್ಕೂಲ್ಗೆ ತಂದ್ ಕೂರ್ಸಿ, ಅಷ್ಟೇಯ."

ಅಲ್ಲಿಂದ ನೇರ ನಂಜೇಗೌಡರ ಮನೆಗೆ ನಡೆದೆ. ದೀಪ ಹಚ್ಚುವ ಹೊತ್ತು. ಅವರು ಜಗಲಿಯ ಮೇಲಿದ್ದರು. ನಿಂತುಕೊಂಡೇ ಹೇಳಿದೆ, ಮುಚ್ಚು ಎಂದದ್ದು ನಾನು, ನಿಮ್ಮ ಮಗಳು ಎರಡು ಸಲ ಕೇಳಿದಳು, ಬೇಡ ಎಂದೆ. ಅವರು ನಂಬಲಿಲ್ಲ. ಒಳಗೆ ತಿರುಗಿ, "ಏನಮ್ಮಿ, ಯಾರು ಯೋಳಿದ್ದು?" ಎಂದು ಕೂಗಿದರು. ಬಾಗಿಲ ಹಿಂದಿನಿಂದ ಭಾಗ್ಯಳ ದನಿ ಬಂತು: "ನಾನೇ ಕಣಪ್ಪ. ಮೇಡಂ ಸುಳ್ಳು ಯೋಳ್ತಾವ್ರೆ."

ನಂಜೇಗೌಡರು ನನ್ನನ್ನೂ ಬಾಗಿಲನ್ನೂ ನೋಡಿದರು. ಇಬ್ಬರಲ್ಲಿ ಯಾರದು ನಿಜ ಎಂದು ಅವರಿಗೆ ಗೊತ್ತಾಯಿತೋ ಇಲ್ಲವೋ, ಇವತ್ತಿಗೂ ಹೇಳಲಾರೆ. ಹೆಗಲ ಟವಲು ಕೊಡವಿ, "ಯಾರಾರಾ ಆಗ್ಲಿ, ತಪ್ಪು ಬೆಂಕೀದು" ಎಂದರು. "ಕಳಿಸ್ತೀನಿ. ಪರೀಕ್ಸೆ ಕಟ್ಲಿ. ಆದ್ರೆ ಇನ್ಮ್ಯಾಕೆ ನೀವು ಯಾರ ಎಣ್ಮಕ್ಳನ್ನೂ ಕೂರಿಸ್ಕಂಡು ಬೆಂಕಿ ಅಚ್ಚಕೂಡ್ದು. ದೀಪದ ಮುಂದೆ ಬಾಸೆ ಕೊಡಿ."

ಒಳಗಿನಿಂದ ಭಾಗ್ಯ, "ಬ್ಯಾಡಿ ಮೇಡಂ!" ಎಂದು ಕೂಗಿದಳು.

ಗೂಡಿನ ದೀಪದ ಕಡೆ ಕೈ ಚಾಚಿ ಭಾಷೆ ಕೊಟ್ಟೆ.

ಮರುದಿನ ಭಾಗ್ಯ ಶಾಲೆಗೆ ಬಂದಳು. ಮುಂದಿನ ಬೆಂಚಿನಲ್ಲಿ ಕೂತು ಓದಿದಳು. ನನ್ನ ಜೊತೆ ಮಾತಾಡಲಿಲ್ಲ. ನಾನು ಎದುರಿಗೆ ಬಂದರೆ ದಾರಿ ಬದಲಿಸುತ್ತಿದ್ದಳು. ನಾನು ಭಾಷೆ ಕೊಟ್ಟದ್ದರ ಕೋಪ, ಆರುತ್ತದೆ ಎಂದುಕೊಂಡೆ, ಆರಲಿಲ್ಲ. ಪರೀಕ್ಷೆಯ ಕೊನೆಯ ದಿನ ಮೈದಾನದಲ್ಲಿ ನಾನು ಥ್ರೋಬಾಲ್ ಬಲೆ ಸುತ್ತುತ್ತಿದ್ದಾಗ ತಾನಾಗಿ ಬಂದು ನಿಂತಳು.

"ನಾನ್ಯಾಕೆ ಸುಳ್ಳು ಯೋಳ್ದೆ ಗೊತ್ತಾ ಮೇಡಂ?"

"ನನ್ನನ್ನ ಉಳಿಸೋಕೆ."

"ಅಲ್ಲ. ನಿಮ್ ತಪ್ಪು ಅಂತಾದ್ರೆ ಬೆಂಕೀನೇ ನಿಲ್ಸ್‌ಬುಡ್ತಾರೆ. ನನ್ ತಪ್ಪು ಅಂತಾದ್ರೆ ನಾನೊಬ್ಳು ನಿಂತೋಯ್ತೀನಿ. ನೀವು ನನ್ನ ಉಳ್ಸಿ ಬೆಂಕೀನೇ ಕೊಟ್ಬುಟ್ರಿ."

"ನೀನು ಓದಬೇಕಿತ್ತು ಕಣೇ."

"ಓದ್ದೆ. ಒಂಬತ್ನೇ ಕ್ಲಾಸಿನ ಹುಡ್ಗೀರು ಬೆಂಕಿ ಯಾವಾಗ ಅಂತ ಕೇಳ್ತಾವ್ರೆ. ನಾನೇನ್ ಯೋಳ್ಲಿ?"

ನಾನು ಬಲೆ ಸುತ್ತುತ್ತಲೇ ಇದ್ದೆ. ಅವಳು ಅದರ ಇನ್ನೊಂದು ತುದಿ ಹಿಡಿದು ಸುತ್ತಿಕೊಟ್ಟು, ನಮಸ್ಕಾರ ಮಾಡಿ ಹೋದಳು. ಪಾಸಾದಳು. ಮುಂದೆ ಕಾಲೇಜಿಗೆ ಸೇರಿದಳೆಂದು ಕೇಳಿದೆ. ನನ್ನನ್ನು ನೋಡಲು ಬರಲಿಲ್ಲ. ಬರಬೇಕೆಂದು ಬಯಸುವ ಹಕ್ಕು ನನಗಿದೆಯೋ ಇಲ್ಲವೋ, ಬಯಸುವುದನ್ನಂತೂ ಬಿಟ್ಟಿಲ್ಲ.

ಆಮೇಲೂ ನಾನು ಬಹಳ ವರ್ಷ ಕೆಲಸ ಮಾಡಿದೆ. ಇದೇ ನಾಲ್ಕು ತಾಲ್ಲೂಕುಗಳಲ್ಲಿ ಸುತ್ತಿದೆ. ಓಟ ಕಲಿಸಿದೆ, ಥ್ರೋಬಾಲ್ ಕಲಿಸಿದೆ, ಗಂಟು ಕಟ್ಟುವುದು, ಡೇರೆ ಹಾಕುವುದು ಕಲಿಸಿದೆ. ಬೆಂಕಿ ಹಚ್ಚಲಿಲ್ಲ. ಜವರೇಗೌಡರು ತೀರಿಕೊಂಡರು. ನಂಜೇಗೌಡರೂ ಹೋದರು. ಅವರೊಂದಿಗೆ ನಿಮ್ಮ ಮಾತೂ ಹೋಯಿತು ಬಿಡಿ ಎಂದು ಗೆಳತಿಯರು ಹೇಳುತ್ತಾರೆ. ಮಾತು ಕೊಟ್ಟವಳು ನಾನು, ನಾನು ಇನ್ನೂ ಇದ್ದೇನಲ್ಲ. ಮಾಗಿಯ ಸಂಜೆ ಬಸ್ಸಿನಲ್ಲಿ ಹೋಗುವಾಗ ಯಾರದೋ ಹೊಲದ ಬದುವಿನಲ್ಲಿ ಬೆಂಕಿ ಕಂಡರೆ, ಅದು ಕಣ್ಣಿಗೆ ಮರೆಯಾಗುವವರೆಗೆ ಕತ್ತು ತಿರುಗಿಸಿ ನೋಡುತ್ತೇನೆ. ಎದೆಯೊಳಗೆ ಹುಡುಗಿಯರ ದನಿ ಏಳುತ್ತದೆ. ಸೋಬಾನೆ ಹೇಳುತ್ತಿದ್ದವಳ ಹೆಸರು ಮರೆತಿದೆ, ದನಿ ಮರೆತಿಲ್ಲ.

ಕತ್ತಲಲ್ಲಿ ಪ್ರಶ್ನೆ ಕೇಳಿದ ಹುಡುಗಿಗೆ ಈಗ ಉತ್ತರ ಕೊಡುತ್ತೇನೆ. ಭಯ ಇರಬೇಕಮ್ಮಾ. ಭಯವಿದ್ದವರೇ ಹಚ್ಚಬೇಕು. ಹೊಲದ ಕಲ್ಲು ಇಡಿ, ನೆಲ ಗುಡಿಸಿ, ಗಾಳಿ ನೋಡಿ, ಸೌದೆಯನ್ನು ತುತ್ತು ತುತ್ತಾಗಿ ಕೊಡಿ. ಅದು ಕೊನೆಯ ಬೆಂಕಿಯಾಗಿರಲಿ, ಮಕ್ಕಳು ಎಷ್ಟೇ ಬೇಡಿಕೊಳ್ಳಲಿ, ನಿಮ್ಮ ಮನಸ್ಸೇ ಬೇಡಿಕೊಳ್ಳಲಿ, ನೀರು ಹೊಯ್ದು ಕಲಕಿ ಮುಟ್ಟಿ ನೋಡದೆ ಏಳಬೇಡಿ. ನೀವು ಯಾರಿಗೂ ಮಾತು ಕೊಟ್ಟವರಲ್ಲ, ಧೈರ್ಯವಾಗಿ ಹಚ್ಚಿ. ಹಚ್ಚುವ ದಿನ ನನಗೊಂದು ಫೋನು ಮಾಡಿ. ನಾನು ಹಚ್ಚುವುದಿಲ್ಲವೆಂದು ಭಾಷೆ ಕೊಟ್ಟಿದ್ದೇನೆ. ಬೇರೆ ಯಾರಾದರೂ ಹಚ್ಚಿದರೆ ಬಂದು ಕೂರುವುದಿಲ್ಲವೆಂದು ಕೊಟ್ಟಿಲ್ಲ.